ಸೋಮವಾರದ ಕ್ರೈಸ್ತರಿಗೆ ಹನ್ನೊಂದು ಸೂತ್ರಗಳು

ಹೊಸ ಒಡಂಬಡಿಕೆಯ ಪತ್ರಗಳನ್ನು ಒಮ್ಮೆ ಸಭೆಯೊಳಗಿನ ತಕರಾರುಗಳ ಕಡತ ಎಂದುಕೊಂಡು ಓದಿ ನೋಡಿ. ಕೊರಿಂಥದವರು ಒಬ್ಬರ ಮೇಲೊಬ್ಬರು ಕೋರ್ಟು ಹತ್ತಿದ್ದರು. ಫಿಲಿಪ್ಪಿಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ನಡುವೆ ಮನಸ್ತಾಪವಿತ್ತು. ಸೆರೆಯಲ್ಲಿದ್ದ ಪೌಲ ಇಬ್ಬರ ಹೆಸರನ್ನೂ ಹಿಡಿದು, ಒಂದಾಗಿ ಎಂದು ಬೇಡಿಕೊಂಡ. ಅದೂ ಎಲ್ಲರೆದುರು ಓದುವ ಪತ್ರದಲ್ಲಿ! ದಿಯೊತ್ರೇಫ ಎಂಬವನಿಗೆ ಎಲ್ಲದರಲ್ಲೂ ತಾನೇ ಮುಂದಿರಬೇಕಿತ್ತು. ನಮ್ಮ ಪ್ಯಾರಿಷ್ ಕೌನ್ಸಿಲ್‌ಗಳನ್ನೂ ಪಾಸ್ಟರೇಟ್ ಕಮಿಟಿಗಳನ್ನೂ ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ದೀನತೆ, ತಾಳ್ಮೆ, ಪ್ರೀತಿ ಎಂಬ ದೊಡ್ಡ ಉಪದೇಶಗಳೆಲ್ಲ ಇಂಥ ಸಣ್ಣ ಜಗಳಗಳ ನಡುವೆಯೇ ಬಂದವು. ಅವುಗಳ ಪರೀಕ್ಷೆ ನಡೆಯುವುದೂ ಅಲ್ಲೇ. ಧರ್ಮಕ್ಕಾಗಿ ಪ್ರಾಣ ಕೊಡುವ ಸಂದರ್ಭ ನಮ್ಮಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಮನೆಕೆಲಸದಾಕೆಗೆ ಸಂಬಳ ಕೊಡುವ ದಿನ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಈ ಸೂತ್ರಗಳು ಅಂಥ ದಿನಗಳಿಗಾಗಿ.

1. ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ಡಿಸೆಂಬರ್ 24ರ ಮಧ್ಯಾಹ್ನ, ಕರಾವಳಿಯ ಒಂದು ಕ್ರೈಸ್ತ ಮನೆ. ಮೇಜಿನ ತುಂಬ ಕುಸ್ವಾರ್: ಕುಲ್‌ಕುಲ್, ನೆವ್ರಿ, ಗುಳಿಯೊ, ಚಕ್ಕುಲಿ, ಹೂವಿನ ಅಚ್ಚಿನಲ್ಲಿ ಕರಿದ ತಿಂಡಿ. ನೆರೆಹೊರೆಗೆ ಹಂಚುವ ಗಡಿಬಿಡಿ ನಡೆದಿದೆ. ಡಾಕ್ಟರ ಮನೆಗೆ ಪಿಂಗಾಣಿ ತಟ್ಟೆ, ಅದರ ಮೇಲೆ ಕ್ರೋಶಾ ಅಂಚಿನ ಬಟ್ಟೆ, ಒಳಗೆ ಆರು ನೆವ್ರಿ. ಬ್ಯಾಂಕ್ ಮ್ಯಾನೇಜರ್ ಮನೆಗೆ ಸ್ಟೀಲ್ ತಟ್ಟೆ, ನಾಲ್ಕು ನೆವ್ರಿ. ಎಲ್ಲ ಮುಗಿದ ಮೇಲೆ ಡಬ್ಬದ ತಳ ಕೊಡವಿದಾಗ ಸಿಕ್ಕ ಕುಲ್‌ಕುಲ್ ಚೂರು, ಅಂಚು ಮುರಿದ ಚಕ್ಕುಲಿ ತೊಳೆದಿಟ್ಟ ಹಾಲಿನ ಕವರಿಗೆ ಇಳಿಯುತ್ತವೆ. ಅದು ತೆಂಗಿನಕಾಯಿ ಕೀಳುವವನಿಗೆ, ನೆಲ ಒರೆಸುವಾಕೆಗೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. ಕೈ ತನ್ನಷ್ಟಕ್ಕೆ ಹಾಗೆ ಓಡುತ್ತದೆ, ಭಯ ಹುಟ್ಟಿಸುವ ಸಂಗತಿಯೇ ಅದು.

ಯಾಕೋಬನ ಪತ್ರದ ಎರಡನೆಯ ಅಧ್ಯಾಯದಲ್ಲಿ ಇದೇ ನಡೆಯುತ್ತದೆ. ಚಿನ್ನದುಂಗುರದವನು ಸಭೆಗೆ ಬಂದರೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನು ಬಂದರೆ ಕಾಲಬಳಿ. ಹಾಗೆ ಕೂರಿಸುವವರನ್ನು ಯಾಕೋಬ ಸುಮ್ಮನೆ ಬಿಡುವುದಿಲ್ಲ. ಈ ವರ್ಷ ಹಂಚುವ ಕ್ರಮವನ್ನೇ ತಿರುಗಿಸಿ. ನೆಲ ಒರೆಸುವಾಕೆಯ ಪಾಲು ಮೊದಲು ಕಟ್ಟಿಡಿ, ಅದೂ ಒಳ್ಳೆಯ ತಟ್ಟೆಯಲ್ಲಿ. ಚೂರುಗಳನ್ನು ಮನೆಯವರು ತಿಂದರಾಯಿತು, ರುಚಿ ಒಂದೇ. ಹಾಗೆಯೇ ಚೌತಿಗೋ ದೀಪಾವಳಿಗೋ ಪಕ್ಕದ ಮನೆಯಿಂದ ತಟ್ಟೆ ಬಂದಾಗ ಸಂಕೋಚಪಡದೆ ಎರಡೂ ಕೈ ಚಾಚಿ. ಕೊಡುವುದಷ್ಟೇ ಗೊತ್ತಿದ್ದು ಪಡೆಯಲು ಬಾರದವರ ನೆರೆತನ ಅರ್ಧಂಬರ್ಧ.

2. ಕೂಲಿ ರಾತ್ರಿ ದಾಟಬಾರದು

ಕೂಲಿಯವನ ಹಣ ಬೆಳಗಿನವರೆಗೆ ನಿಮ್ಮಲ್ಲಿ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ. ಹೊತ್ತು ಮುಳುಗುವ ಮುನ್ನ ಕೊಡಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ. ಚಿಲ್ಲರೆ ಇಲ್ಲ, ನಾಳೆ ಬಾ ಎನ್ನುವ ನೆಪವನ್ನು ಫೋನ್ ಪೇ ಕಿತ್ತುಕೊಂಡಿದೆ. ಆದರೂ ದಶಾಂಶವನ್ನು ತಿಂಗಳ ಮೊದಲ ಭಾನುವಾರವೇ ಲಕೋಟೆಗೆ ಹಾಕುವವರ ಮನೆಯಲ್ಲಿ ಪ್ಲಂಬರನ ಬಾಕಿ ಮೂರು ವಾರ ಕೂತಿರುತ್ತದೆ. ಮೊದಲು ಪ್ಲಂಬರ್, ಆಮೇಲೆ ಲಕೋಟೆ.

3. ಜಗಳವಾದರೆ ಮೊದಲು ನೀವೇ ಹೋಗಿ

ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿರುವಾಗ, ನಿನ್ನ ಮೇಲೆ ಸಹೋದರನಿಗೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗಿ ಬಾ ಎಂಬುದು ಯೇಸುವಿನ ಉಪದೇಶ. ಅದನ್ನು ಕೇಳುತ್ತ ಕುಳಿತವರು ಗಲಿಲಾಯದಲ್ಲಿದ್ದರು, ಬಲಿಪೀಠವಿದ್ದದ್ದು ಯೆರೂಸಲೇಮಿನಲ್ಲಿ. ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್, ಮೂರು ನಾಲ್ಕು ದಿನಗಳ ಕಾಲ್ನಡಿಗೆ. ಹೋಗಿ ರಾಜಿಯಾಗಿ ಮತ್ತೆ ಬರುವುದೆಂದರೆ ಒಂದು ವಾರದ ಮಾತು. ನಮ್ಮ ದಾಯಾದಿಯ ಮನೆ ಇರುವುದು ಎರಡು ಬಸ್‌ಸ್ಟಾಪ್ ಆಚೆ.

ಇನ್ನೂ ಒಂದು ಸೂಕ್ಷ್ಮವಿದೆ. ನಮಗೆ ಅವರ ಮೇಲೆ ಸಿಟ್ಟಿರುವ ಸಂದರ್ಭ ಇದಲ್ಲ, ಅವರಿಗೆ ನಮ್ಮ ಮೇಲೆ ಸಿಟ್ಟಿದೆ. ಆದರೂ ಹೋಗಬೇಕಾದವರು ನಾವು. ನಮಗೇ ಅನ್ಯಾಯವಾದಾಗ ಏನು ಮಾಡಬೇಕು ಎಂಬುದು ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿದೆ: ಮೊದಲು ಒಬ್ಬರೇ ಹೋಗಿ ಮಾತಾಡಿ, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಕಟ್ಟಕಡೆಗೆ ಸಭೆಯ ಮುಂದೆ. ನಾವು ಈ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಯುತ್ತೇವೆ. ಮೊದಲು ವಾಟ್ಸ್‌ಆ್ಯಪ್ ಗುಂಪಿಗೆ, ಆಮೇಲೆ ಇಬ್ಬರು ಆಪ್ತರಿಗೆ, ಸಂಬಂಧಪಟ್ಟವನಿಗೆ ಕೊನೆಗೆ, ಅಥವಾ ಎಂದೂ ಇಲ್ಲ.

4. ಪ್ರಾರ್ಥನಾ ವಿಷಯದ ಹೆಸರಲ್ಲಿ ಚಾಡಿ ಬೇಡ

ಚಾಡಿ ಹೇಳುವುದು ಪಾಪ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ನಾವು ಅದಕ್ಕೆ ಭಕ್ತಿಯ ಅಂಗಿ ತೊಡಿಸಿದ್ದೇವೆ. ಮೂಲೆಮನೆಯವರ ಮಗಳು ಗಂಡನನ್ನು ಬಿಟ್ಟು ಬಂದಿದ್ದಾಳಂತೆ, ದಯವಿಟ್ಟು ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ, ಕೆಳಗೆ ಕೈಮುಗಿದ ಎರಡು ಚಿತ್ರ. ಪ್ರಾರ್ಥಿಸಿದವರೆಷ್ಟೋ ತಿಳಿಯದು, ಸಂಜೆಯೊಳಗೆ ಸುದ್ದಿ ದುಬೈ ತಲುಪಿರುತ್ತದೆ. ಸೂತ್ರ ಸರಳ. ಆ ಮನೆಯವರನ್ನು ಕೇಳದೆ ಅವರ ಕಷ್ಟವನ್ನು ಹಂಚಬೇಡಿ. ಹೆಸರು, ವಿವರ ದೇವರಿಗೆ ಗೊತ್ತೇ ಇದೆ, ಗುಂಪಿಗೆ ತಿಳಿಸಬೇಕಾದ ತುರ್ತೇನೂ ಇಲ್ಲ.

5. ಸಮಾರ್ಯದವನ ಲೆಕ್ಕ ಕಲಿಯಿರಿ

ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ದಾರಿ ಸುಮಾರು ಒಂದು ಸಾವಿರ ಮೀಟರ್ ಇಳಿಯುತ್ತದೆ, ಸುತ್ತ ಬೋಳು ಬಂಡೆ, ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಯೇಸು ಹೇಳಿದ ಕಥೆಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದ ಒಬ್ಬ ಅಲ್ಲಿ ಬಿದ್ದಿದ್ದ. ಅವನನ್ನು ಕಂಡು ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದರು. ಸಮಾರ್ಯದವನು ನಿಂತ. ಅವನ ಕರುಣೆಯನ್ನು ಹೊಗಳುತ್ತ ಅವನ ವ್ಯವಹಾರಜ್ಞಾನವನ್ನು ಮರೆಯುತ್ತೇವೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನದ ಮೇಲೆ ಹೊರಿಸಿ ಛತ್ರಕ್ಕೆ ತಂದ, ಆ ರಾತ್ರಿ ತಾನೂ ಜೊತೆಗಿದ್ದ. ಮರುದಿನ ಎರಡು ದಿನಾರಿ ಕೊಟ್ಟ, ಅಂದಿನ ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ಕೆಲಸಕ್ಕೆ ಹೊರಟ. ಕೆಲಸವನ್ನೂ ಬಿಡಲಿಲ್ಲ, ಗಾಯಾಳುವನ್ನೂ ಬಿಡಲಿಲ್ಲ. ನೂರು ಕಡೆ ಕೈಹಾಕಿ ಎಲ್ಲೂ ಮುಗಿಸದ ಉತ್ಸಾಹಿಗಳಿಗಿಂತ ಇಂಥವನೊಬ್ಬ ಮೇಲು.

ರಸ್ತೆಯಲ್ಲಿ ಬಿದ್ದವನನ್ನು ಮುಟ್ಟಿದರೆ ಪೊಲೀಸ್ ಕೇಸು ಎಂಬ ಹೆದರಿಕೆಗೂ ಈಗ ಆಧಾರವಿಲ್ಲ. ನೆರವಾದವರ ರಕ್ಷಣೆಗಾಗಿ ಇರುವ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಇದಕ್ಕೆಂದೇ 134ಎ ಕಲಂ ಸೇರಿತು. ಕರ್ನಾಟಕಕ್ಕಂತೂ ಪ್ರತ್ಯೇಕ ಕಾಯ್ದೆಯೇ ಇದೆ. ಈ ಎಲ್ಲ ಕಾನೂನುಗಳಲ್ಲಿ ನೆರವಿಗೆ ಬಂದವನ ಹೆಸರು ಗುಡ್ ಸಮಾರಿಟನ್.

6. ಸಾವಿನ ಮನೆಯಲ್ಲಿ ವ್ಯಾಖ್ಯಾನ ಕೊಡಬೇಡಿ

ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು, ಬಾಯಿ ತೆರೆದ ಮೇಲೆ ಕೆಟ್ಟಿತು. ಮೂವತ್ತರ ವಿಧವೆಗೆ ಎಲ್ಲ ದೇವರ ಚಿತ್ತ ಎನ್ನುವವರಿಗೆ ದೇವರ ಚಿತ್ತ ಹೇಗೆ ತಿಳಿಯಿತೋ! ಹೇಳಲು ಏನೂ ತೋಚದಿದ್ದರೆ ಆಕೆಯ ಮನೆಗೆ ಗ್ಯಾಸ್ ಬುಕ್ ಮಾಡಿ, ಮರಣ ಪ್ರಮಾಣಪತ್ರದ ಓಡಾಟ ವಹಿಸಿಕೊಳ್ಳಿ.

7. ದೂರು ಹೇಳಿದವರ ಕೈಗೇ ಸೌಟು ಕೊಡಿ

ಯೆರೂಸಲೇಮಿನ ಮೊದಲ ಸಭೆಯಲ್ಲೇ ಭಾಷೆಯ ಜಗಳ ಶುರುವಾಯಿತು. ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಅಪೊಸ್ತಲರು ಸಮಿತಿ ಮೇಲೆ ಸಮಿತಿ ಮಾಡಿ ತನಿಖೆ ಎಳೆಯಲಿಲ್ಲ. ಏಳು ಮಂದಿಯನ್ನು ಆರಿಸಿ ಎಂದರು. ಆರಿಸಿದವರ ಪಟ್ಟಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಬಹುಸಂಖ್ಯಾತರು ಹಂಚಿಕೆಯ ಅಧಿಕಾರವನ್ನೇ ದೂರಿದವರ ಕಡೆಗೆ ದಾಟಿಸಿದರೆಂದು ಕಾಣುತ್ತದೆ.

ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಎಂದು ದಶಕಗಳಿಂದ ಕಿತ್ತಾಡಿದ ನಮಗೆ ಈ ಅಧ್ಯಾಯ ನೆನಪಾಗದಿರುವುದು ವಿಚಿತ್ರ. ಇನ್ನು ಜಾತಿ. ದೀಕ್ಷಾಸ್ನಾನದ ನೀರಿಗೂ ತೊಳೆಯಲಾಗದ ಕಲೆ ಅದು ಎಂಬಂತೆ ನಡೆದುಕೊಳ್ಳುತ್ತೇವೆ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಲ್ಲಿ ಬಾಮಣ್, ಚಾರ್ಡಿ ಎಂಬ ಹಳೆಯ ಭೇದ ವರ್ಷವೆಲ್ಲ ನಿದ್ದೆ ಹೋಗಿದ್ದು ಮದುವೆ ಮಾತುಕತೆಯ ಹೊತ್ತಿಗೆ ಸರಿಯಾಗಿ ಏಳುತ್ತದೆ. ಮಗಳು ಪ್ರೀತಿಸಿದ ಹುಡುಗನ ಬಗ್ಗೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು ಎಂಬುದನ್ನು ಗಮನಿಸಿಕೊಳ್ಳಿ.

8. ಪರರ ಧರ್ಮವನ್ನು ಅವರ ಪುಸ್ತಕದಿಂದ ತಿಳಿಯಿರಿ

ಬಾಸೆಲ್ ಮಿಶನ್ನಿನವರು ಮತಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಹುಡುಕಿ ಕಲ್ಲಚ್ಚಿನಲ್ಲಿ ತಂದರು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಅದೇ ಮಿಶನ್ನಿನ ಕಿಟ್ಟೆಲ್ ಅದಕ್ಕೂ ಮೊದಲೇ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ್ದರು. ನೆರೆಯವನ ನಂಬಿಕೆಯ ಬಗ್ಗೆ ಮಾತಾಡುವ ಮೊದಲು ಅಷ್ಟಾದರೂ ಓದಿಕೊಂಡವರು ಅವರು. ನಾವು ಫಾರ್ವರ್ಡ್ ಮೆಸೇಜಿನ ಬಲದಿಂದ ತೀರ್ಪು ಕೊಡುತ್ತೇವೆ.

9. ಕ್ಷಮೆಯನ್ನೂ ಕಾನೂನನ್ನೂ ಬೆರೆಸಬೇಡಿ

ಈ ವಿಷಯದಲ್ಲೇ ಅತಿ ಹೆಚ್ಚು ಅನ್ಯಾಯ ನಡೆಯುತ್ತದೆ. ಗಂಡ ಹೊಡೆಯುತ್ತಾನೆ ಎಂದು ಅಳುತ್ತ ಬಂದ ಹೆಂಗಸಿಗೆ, ಕ್ಷಮಿಸಮ್ಮ, ಏಳೆಪ್ಪತ್ತು ಸಾರಿ ಎಂದು ಹೇಳಿ ಕಳಿಸುವ ಹಿರಿಯರಿದ್ದಾರೆ. ಹೊಡೆಯುವವನನ್ನು ಕರೆದು ಕೇಳುವ ಧೈರ್ಯ ಇಲ್ಲದ್ದಕ್ಕೆ ಅವಳಿಗೆ ವಚನ.

1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಮಿಶನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯನ್ನೂ ಜೀಪಿನಲ್ಲಿ ಮಲಗಿದ್ದಾಗಲೇ ಸುಟ್ಟರು. ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಕೆಲಸ ಮುಂದುವರಿಸಿದರು. ಆದರೆ ಕ್ಷಮೆ ಬೇರೆ, ಅಪರಾಧದ ಪರಿಣಾಮ ಬೇರೆ ಎಂಬ ನಿಲುವೂ ಅವರದೇ. ಪ್ರಕರಣ ನಡೆಯಿತು, ಮುಖ್ಯ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಷ್ಟು ದೊಡ್ಡ ಕ್ಷಮೆಗೂ ನ್ಯಾಯಾಲಯದ ಬಾಗಿಲು ಮುಚ್ಚುವ ಅಗತ್ಯ ಬೀಳಲಿಲ್ಲ.

ತಪ್ಪು ನಿಮ್ಮದಾಗಿದ್ದರೆ ಜಕ್ಕಾಯನನ್ನು ನೋಡಿ. ಸಾರಿ ಎಂದು ಸುಮ್ಮನಾಗಲಿಲ್ಲ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ.

10. ಮನೆಯಲ್ಲಿ ದನಿ ಇಳಿಸಿ

ಕ್ವಾಯರ್‌ನಲ್ಲಿ ಮೃದುವಾಗಿ ಹಾಡಿದವರು ಕಾರು ಹತ್ತಿದ ತಕ್ಷಣ ಮಕ್ಕಳ ಮೇಲೆ ಕಿರುಚುತ್ತಾರೆ. ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿ ಎಂದು ಪೌಲ ಹೇಳಿದ್ದು ತಂದೆಯರಿಗೆ. ಅದನ್ನು ಬಿಟ್ಟು, ಮಕ್ಕಳು ವಿಧೇಯರಾಗಿರಬೇಕು ಎಂಬ ಹಿಂದಿನ ವಾಕ್ಯವನ್ನಷ್ಟೇ ಫ್ರೇಮ್ ಹಾಕಿಸಿರುತ್ತೇವೆ.

11. ಬರೆದುಕೊಂಡವನ ಹೆಸರೂ ಇರಲಿ

ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಜನ ದಾಟಿಸಿ ಓದುತ್ತಾರೆ, ಬರೀ ಹೆಸರುಗಳ ಪಟ್ಟಿ ಎಂದು. ಇಪ್ಪತ್ತೈದಕ್ಕೂ ಹೆಚ್ಚು ಜನರನ್ನು ಪೌಲ ಅಲ್ಲಿ ಹೆಸರಿಸುತ್ತಾನೆ, ಬಹಳ ಮಂದಿಗೆ ಒಂದೊಂದು ಆಪ್ತ ಮಾತೂ ಇದೆ: ಇವಳು ನಿಮಗಾಗಿ ಬಹಳ ದುಡಿದಳು, ಇವನ ತಾಯಿ ನನಗೂ ತಾಯಿ. ಅದರ ಮಧ್ಯೆ ಇದ್ದಕ್ಕಿದ್ದಂತೆ ಬೇರೊಂದು ದನಿ ಕೇಳುತ್ತದೆ. ಪೌಲ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯ ತನ್ನದೂ ಒಂದು ವಂದನೆ ಸೇರಿಸಿಬಿಟ್ಟಿದ್ದಾನೆ. ಪೌಲ ಅದನ್ನು ಹೊಡೆದುಹಾಕಿಸಲಿಲ್ಲ.

ನಿಮ್ಮ ಸಭೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಬರುವುದಿದ್ದರೆ ಮೊದಲ ಹತ್ತು ಪುಟ ಬಿಷಪರು, ಶಾಸಕರು, ದಾನಿಗಳ ಭಾವಚಿತ್ರಕ್ಕೆ ಹೋಗುತ್ತದೆ, ಹೋಗಲಿ. ಕೊನೆಯ ಪುಟದಲ್ಲಿ ಡಿಟಿಪಿ ಮಾಡಿದವನ, ಪೆಂಡಾಲ್ ಕಟ್ಟಿದವರ, ಜನರೇಟರ್ ಪಕ್ಕ ರಾತ್ರಿಯೆಲ್ಲ ಕುಳಿತ ಹುಡುಗನ ಹೆಸರು ಹಾಕಿಸಿ. ಕಾಗುಣಿತ ಅವರನ್ನೇ ಕೇಳಿ ಬರೆದುಕೊಳ್ಳಿ.