ಕ್ಯಾಮೆರಾದ ಕಣ್ಣಿಗೆ ತಂಪು

ನಕ್ಷತ್ರಗಳ ಮಂದಪ್ರಕಾಶವನ್ನು ಡಿಜಿಟಲ್ ಕ್ಯಾಮೆರಾದಿಂದ ಹಿಡಿಯಲು ಅದರ ಬಾಗಿಲನ್ನು ಅನೇಕ ನಿಮಿಷ ತೆರೆದಿಡಬೇಕಾಗುತ್ತದೆ. ಆಗ ಆಕಾಶದಲ್ಲಿಲ್ಲದ ಚುಕ್ಕೆಗಳೂ ಚಿತ್ರದಲ್ಲಿ ಮೂಡುವುದುಂಟು. ಇವು ಎಲ್ಲಿಂದ ಬಂದವು?

ಫಿಲ್ಮಿನ ಸ್ಥಾನದಲ್ಲಿ ಈಗ ಸೆನ್ಸರ್ ಎಂಬ ಸಿಲಿಕಾನಿನ ಬಿಲ್ಲೆಯಿರುತ್ತದೆ. ಬೆಳಕು ತಗಲಿದಾಗ ಅದರಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವುಗಳ ಎಣಿಕೆಯಿಂದಲೇ ಚಿತ್ರವಾಗುವುದು. ಆದರೆ ಶಾಖವೂ ಇದೇ ಕಾರ್ಯವನ್ನು ಮಾಡುತ್ತದೆ. ಉಷ್ಣತೆಯು ಸುಮಾರು 7 ಡಿಗ್ರಿ ಸೆಂಟಿಗ್ರೇಡ್ ಏರಿದಂತೆಲ್ಲ ಈ ಸುಳ್ಳು ಎಲೆಕ್ಟ್ರಾನುಗಳು ಇಮ್ಮಡಿಯಾಗುತ್ತವೆ. 21 ಡಿಗ್ರಿ ಇಳಿಸಿದರೆ ಎಂಟರಲ್ಲೊಂದು ಪಾಲು ಮಾತ್ರ ಉಳಿಯುವುದು.

ಇದಕ್ಕೆ ಉಪಾಯವುಂಟು. ಎರಡು ಬಗೆಯ ಲೋಹಗಳು ಕೂಡುವೆಡೆಗಳಲ್ಲಿ ವಿದ್ಯುತ್ತು ಹರಿದರೆ ಒಂದೆಡೆ ಕಾಯ್ದು ಇನ್ನೊಂದೆಡೆ ತಣಿಯುವುದೆಂದು ಫ್ರಾನ್ಸಿನ ಪೆಲ್ಟಿಯೇ 1834ರಲ್ಲಿ ಕಂಡನು. ಹವ್ಯಾಸಿಗಳು ಕ್ಯಾಮೆರಾವನ್ನು ಬಿಚ್ಚಿ, ಸೆನ್ಸರಿನ ಬೆನ್ನಿಗೆ ತಾಮ್ರದ ತೆಳುತಗಡನ್ನು ಹೊಂದಿಸಿ, ಅದರ ಹೊರತುದಿಗೆ ಪೆಲ್ಟಿಯೇ ಫಲಕದ ತಣ್ಣನೆಯ ಮುಖವನ್ನು ಜೋಡಿಸುತ್ತಾರೆ. ಬಿಸಿಮುಖಕ್ಕೆ ಅಲ್ಯೂಮಿನಿಯಮ್ಮಿನ ರೆಕ್ಕೆಗಳೂ ಬೀಸಣಿಗೆಯೂ ಬೇಕು. ಇಲ್ಲವಾದರೆ ಶಾಖವು ಹಿಂದಿರುಗುವುದು.

ಅಪಾಯಗಳೆರಡು. ಬ್ಯಾಟರಿಯನ್ನು ತೆಗೆದ ಮೇಲೆಯೂ ಫ್ಲ್ಯಾಶಿನ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದು ಬಲವಾದ ಆಘಾತವನ್ನು ಕೊಡಬಲ್ಲದು. ತಿಳಿದವರ ಸಹಾಯವಿಲ್ಲದೆ ಮಕ್ಕಳು ಇದನ್ನು ಬಿಚ್ಚಲಾಗದು. ಎರಡನೆಯದು ನೀರು. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವುದನ್ನು ನಾವೆಲ್ಲರೂ ಕಂಡಿದ್ದೇವೆ. ತಣಿದ ಸೆನ್ಸರಿನ ಮೇಲೂ ಹಾಗೆಯೇ ಹನಿಗಟ್ಟಿ ಯಂತ್ರವೇ ಕೆಡಬಹುದು. ಆದುದರಿಂದ ಗಾಳಿಯಾಡದಂತೆ ಮುಚ್ಚಿ, ತೇವವನ್ನು ಹೀರುವ ಸಿಲಿಕಾ ಜೆಲ್ ಕಾಳುಗಳನ್ನು ಒಳಗಿಡುತ್ತಾರೆ. ಮೊದಲು ಒಣಗಿಸಿ, ಅನಂತರ ತಣಿಸುವುದೇ ಕ್ರಮ. ಈ ಕ್ರಮವನ್ನು ಪಾಲಿಸಿದವರಿಗೆ ದೂರದ ನಕ್ಷತ್ರವು ತನ್ನ ನಿಜರೂಪದಲ್ಲಿ ಕಾಣಿಸಿಕೊಳ್ಳುವುದು.