ಯಾವುದರ ಪಾಲು?

ಪ್ರೀತಿಯ ಪುಟ್ಟಿ,

ನೀನು ಫೋಟೊ ತೆಗೆದು ಕಳಿಸಿದ ಲೆಕ್ಕ ನೋಡಿದೆ. ಕೆರೆಯ 3/4 ಭಾಗವನ್ನು ತಾವರೆ ಎಲೆ ಮುಚ್ಚಿದೆ. ಎಲೆ ಮುಚ್ಚಿದ ಜಾಗದ 2/5 ಭಾಗದಲ್ಲಿ ಹೂ ಅರಳಿದೆ. ಕೆರೆಯ ಎಷ್ಟು ಭಾಗದಲ್ಲಿ ಹೂವಿದೆ? ನೀನು ಎರಡನ್ನೂ ಕೂಡಿ 23/20 ಎಂದು ಬರೆದಿದ್ದೀಯ. ಕೂಡಿದ ರೀತಿ ಸರಿಯಾಗಿದೆ, ಛೇದಗಳನ್ನು ಚೆನ್ನಾಗಿ ಸಮ ಮಾಡಿದ್ದೀಯ. ಆದರೆ 23/20 ಒಂದಕ್ಕಿಂತ ಹೆಚ್ಚಲ್ಲವೇನಮ್ಮ? ಕೆರೆಯನ್ನು ಮೀರಿ ತಾವರೆ ಎಲ್ಲಿ ಅರಳೀತು?

ಲೆಕ್ಕ ಓದುವಾಗ ಪ್ರತಿ ಭಿನ್ನರಾಶಿಯ ಹತ್ತಿರ ಒಂದು ಗಳಿಗೆ ನಿಂತು ‘ಇದು ಯಾವುದರ ಪಾಲು?’ ಎಂದು ಕೇಳಿಕೊ. 3/4 ಎಂಬುದು ಕೆರೆಯ ಪಾಲು. 2/5 ಕೆರೆಯದ್ದಲ್ಲ, ಎಲೆ ಮುಚ್ಚಿದ ಜಾಗದ್ದು. ಪಾಲಿನೊಳಗೆ ಪಾಲು ಬಂದರೆ ಗುಣಿಸಬೇಕು.

ಏಕೆ ಎನ್ನುವುದನ್ನು ಬರೆದೇ ನೋಡು. ಒಂದು ಚೌಕ ಹಾಕು, ಅದೇ ಕೆರೆ. ಮೇಲಿಂದ ಕೆಳಕ್ಕೆ ಮೂರು ಗೆರೆ ಎಳೆದರೆ ನಾಲ್ಕು ಪಟ್ಟಿ. ಮೂರಕ್ಕೆ ಹಸಿರು ಬಳಿ. ಈಗ ಅಡ್ಡಲಾಗಿ ನಾಲ್ಕು ಗೆರೆ ಎಳೆ, ಐದು ಸಾಲು. ಒಟ್ಟು 20 ಮನೆಗಳಾದವು. ಎರಡು ಸಾಲುಗಳಲ್ಲಿರುವ ಹಸಿರು ಮನೆಗಳಿಗೆ ಮಾತ್ರ ಹೂ ಬರೆ. ಎಣಿಸಿದರೆ 6. ಅಂದರೆ 6/20, ಸಂಕ್ಷೇಪಿಸಿದರೆ 3/10. ಛೇದಕ್ಕೆ ಛೇದ, ಅಂಶಕ್ಕೆ ಅಂಶ ಗುಣಿಸಿ ಎಂದು ಶಾಲೆಯಲ್ಲಿ ಹೇಳುವ ನಿಯಮ ಈ ಮನೆಗಳಲ್ಲೇ ಇದೆ. ಗುಣಿಸಿದರೂ ಉತ್ತರ ಚಿಕ್ಕದಾಗುವುದೇಕೆ ಎಂದು ಹೋದ ಸಲ ಕೇಳಿದ್ದೆಯಲ್ಲ, ಅದೂ ಇಲ್ಲೇ ಕಾಣುತ್ತದೆ: ಹಸಿರಿನಲ್ಲಿ ಒಂದಷ್ಟನ್ನು ಮಾತ್ರ ಆರಿಸಿದ್ದೀಯ.

ನಮ್ಮ ನಾಡಿನಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಪಾಲಿನ ಪಾಲನ್ನು ‘ಪ್ರಭಾಗಜಾತಿ’ ಎಂದು ಬೇರೆಯಾಗಿಯೇ ಇಟ್ಟರು. ಬೇರೆ ಇಡಲೇಬೇಕಿತ್ತು, ಪುಟ್ಟಿ. ಭಿನ್ನರಾಶಿ ಕಂಡಲ್ಲೆಲ್ಲ ಗುಣಿಸುವಂತಿಲ್ಲ.

1150ರಲ್ಲಿ ಭಾಸ್ಕರಾಚಾರ್ಯರು ಬರೆದ ‘ಲೀಲಾವತಿ’ಯಲ್ಲಿ ದುಂಬಿಗಳ ಲೆಕ್ಕವೊಂದಿದೆ, ನನಗೆ ಬಲು ಇಷ್ಟ. ಗುಂಪಿನ 1/5 ಕದಂಬದ ಹೂವಿಗೆ ಹೋದವು, 1/3 ಶಿಲೀಂಧ್ರದ ಹೂವಿಗೆ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ. ಉಳಿದ ಒಂದೇ ದುಂಬಿ ಕೇತಕಿ, ಮಾಲತಿಗಳ ಪರಿಮಳದ ನಡುವೆ ಅತ್ತಿತ್ತ ಹಾರುತ್ತಿದೆ. ಇಲ್ಲಿ ಎಲ್ಲ ಪಾಲೂ ಇಡೀ ಗುಂಪಿನದ್ದೇ, ಹಾಗಾಗಿ ಕೂಡಬೇಕು: 3/15, 5/15, 6/15 ಸೇರಿ 14/15. ಮಿಕ್ಕ 1/15 ಆ ಒಂಟಿ ದುಂಬಿ. ಗುಂಪಿನಲ್ಲಿದ್ದದ್ದು 15.

ಈಗ ನಿನಗೊಂದು ಲೆಕ್ಕ. ಕದಂಬದ ದುಂಬಿಗಳು ಮೊದಲು ಹಾರಿಹೋದವು ಎಂದುಕೊ. ಆಮೇಲೆ ಉಳಿದವುಗಳಲ್ಲಿ ಎಷ್ಟು ಪಾಲು ಶಿಲೀಂಧ್ರಕ್ಕೆ ಹೋದವು? ಅವಸರದಲ್ಲಿ 1/3 ಎಂದು ಬರೆಯಬೇಡ. ಉತ್ತರ ಸಿಕ್ಕಿದ ಮೇಲೆ ಅದನ್ನು 4/5ರಿಂದ ಗುಣಿಸು. 1/3 ಬಂದರೆ ಸರಿ. ಚಿತ್ರ ಬರೆದೇ ಮಾಡು, ಫೋಟೊ ಕಳಿಸು.

ನಿನ್ನ ಪ್ರೀತಿಯ
ದೊಡ್ಡಪ್ಪ