ಹಸುಗೂಸು ಮನೆಗೆ ಬಂದ ಮೊದಲ ವಾರ

ಬಾಣಂತಿ ಆಸ್ಪತ್ರೆಯಿಂದ ಬಂದಳೆಂದರೆ ಮನೆ ತುಂಬ ಜನ, ಜನರ ಬಾಯಲ್ಲಿ ತಲೆಗೊಂದು ಸಲಹೆ. ಆದರೆ ಮೊದಲ ವಾರ ಹೆತ್ತವಳಿಗೆ ಇರಬೇಕಾದ ಕೆಲಸ ಎರಡೇ: ಮಗುವಿಗೆ ಹಾಲೂಡುವುದು, ಮಗು ಮಲಗಿದಾಗ ತಾನೂ ಮಲಗುವುದು. ಅಡುಗೆ, ಬಟ್ಟೆ, ಬಂದವರ ಉಪಚಾರ ಉಳಿದವರ ಪಾಲಿಗಿರಲಿ.

1. ಹಸಿವಿನ ಗುರುತು ತಿಳಿಯಿರಿ
ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಬಾಯಿ ಚಪ್ಪರಿಸುವುದು, ಮುಷ್ಟಿ ಚೀಪುವುದು, ತಲೆ ಆಚೀಚೆ ಹೊರಳಿಸುವುದು ಹಸಿವಿನ ಗುರುತು, ಅಳುವವರೆಗೆ ಕಾಯಬೇಡಿ. ಮೊದಲ ದಿನಗಳ ಹಳದಿ ಹಾಲು ಚಮಚದಷ್ಟೇ ಬಂದರೂ ಮಗುವಿಗೆ ಅದೇ ರಕ್ಷೆ, ಹಿಂಡಿ ಚೆಲ್ಲಬೇಡಿ.

ಮಗು ಬಾಯಿ ಅಗಲವಾಗಿ ತೆರೆದಾಗ ಎದೆಗೆ ತನ್ನಿ. ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು. ಬರೀ ತೊಟ್ಟು ಚೀಪಿದರೆ ತಾಯಿಗೆ ನೋವು, ಮಗುವಿಗೆ ಅರೆಹೊಟ್ಟೆ. ಆಗ ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

2. ಒದ್ದೆ ಬಟ್ಟೆ ಎಣಿಸಿ
‘ಹಾಲು ಸಾಲುತ್ತಿಲ್ಲವೇನೋ’ ಎಂಬ ಅಳುಕಿಗೆ ಉತ್ತರ ಒದ್ದೆ ಬಟ್ಟೆಯಲ್ಲಿದೆ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರವಾಗಬೇಕು. ಕಪ್ಪಗೆ ಅಂಟಂಟಾಗಿದ್ದ ಮಲ ಹಸಿರಾಗಿ, ಹಳದಿಗೆ ತಿರುಗಬೇಕು. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳುತ್ತದೆ.

3. ಹೊಕ್ಕುಳಿಗೆ ಏನೂ ಹಚ್ಚಬೇಡಿ
ಹೊಕ್ಕುಳಬಳ್ಳಿ ಒಂದೆರಡು ವಾರದಲ್ಲಿ ತಾನಾಗಿ ಒಣಗಿ ಬೀಳುತ್ತದೆ. ಅರಿಶಿನ, ಎಣ್ಣೆ, ಬೂದಿ, ಪೌಡರ್ ಯಾವುದೂ ಬೇಡ. ಹುಟ್ಟಿದ 24 ಗಂಟೆ ಸ್ನಾನ ಬೇಡ; ಬಳ್ಳಿ ಬೀಳುವವರೆಗೆ ಬೆಚ್ಚನೆ ನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಜೆ, ಜೇನು, ಸಕ್ಕರೆ ನೀರು ಬಾಯಿಗೆ ಬೇಡ, ಕಾಡಿಗೆ ಕಣ್ಣಿಗೆ ಬೇಡ. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಿಂಸೆ. ಅಜ್ಜಿಯ ಜೋಗುಳ, ಬೆಚ್ಚನೆಯ ಮಡಿಲು ಮಾತ್ರ ಧಾರಾಳವಾಗಿರಲಿ.

4. ಅಂಗಾತ ಮಲಗಿಸಿ
ಮಗುವಿಗೆ ಇನ್ನೂ ಹಗಲು ರಾತ್ರಿಯ ಭೇದವಿಲ್ಲ. ಮಲಗಿಸುವಾಗ ಹಾಸಿಗೆ ಗಟ್ಟಿಯಾಗಿರಲಿ. ಸಾಸಿವೆ ದಿಂಬೂ ಬೇಡ, ಮುಖದ ಬಳಿ ಹೊದಿಕೆಯೂ ಬೇಡ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಿಸುವುದು ಅಪ್ಪನ ಪಾಳಿ. ರಾತ್ರಿಯ ಈ ಅರ್ಧ ಗಂಟೆಯೇ ತಾಯಿಗೆ ಸಿಗುವ ನಿದ್ದೆ.

5. ಬಾಣಂತಿಗೆ ನೀರು, ಊಟ, ನಾಲ್ಕು ಮಾತು
ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಯಾರಿಸುವುದು ತಪ್ಪು. ಹಾಲೂಡುವವಳಿಗೆ ದಾಹ ಹೆಚ್ಚು. ಪಕ್ಕದಲ್ಲೇ ತಂಬಿಗೆ ಇಡಿ. ಸೊಪ್ಪು, ಬೇಳೆ, ತರಕಾರಿ, ಹಾಲು, ಮೊಟ್ಟೆ ಎಲ್ಲವೂ ಆಗುತ್ತದೆ. ಕಾರಣವಿಲ್ಲದೆ ಅಳು ಬರುವುದು ಮೊದಲ ವಾರಗಳಲ್ಲಿ ಸಾಮಾನ್ಯ, ಗದರಬೇಡಿ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಮಗುವಿಗೆ ಅಥವಾ ತನಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ.

6. ಇವು ಕಂಡರೆ ತಡ ಮಾಡಬೇಡಿ
ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ, ಮೊದಲ ದಿನವೇ ಮೈ ಹಳದಿಯಾದರೆ ಅಥವಾ ಅಂಗೈ, ಅಂಗಾಲಿಗೂ ಹಳದಿ ಇಳಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ತಾಯಿಗೆ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇದ್ದರೂ ಹಾಗೆಯೇ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ಮಗುವಿನ ತೂಕ ಮಾಡಿಸಿ, ತಾಯಿ ಕಾರ್ಡ್ ತೋರಿಸಿ. ಸಂದೇಹವನ್ನು ಬಾಣಂತಿಯೇ ಬಾಯಿಬಿಟ್ಟು ಕೇಳಲಿ, ಮನೆಯವರು ಅವಳ ಪರವಾಗಿ ಉತ್ತರಿಸದಿರಲಿ.